ರಕ್ತದ ನಂಜು: ಲ್ಯಾಬ್ ವರದಿ ಹೇಳುವುದೇನು, ಹೇಳದೆ ಬಿಡುವುದೇನು

(ಸಂಘದ ವಾರ್ಷಿಕೋತ್ಸವದ ಆರೋಗ್ಯ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಈ ಗೋಷ್ಠಿಗೆ ಕರೆಯಲು ಬಂದ ಕಾರ್ಯದರ್ಶಿಗಳು, "ಡಾಕ್ಟರೇ, ಸಕ್ಕರೆ ಕಾಯಿಲೆಯ ಬಗ್ಗೆ ಮಾತನಾಡಿ, ನಮ್ಮ ಮೊಹಲ್ಲಾಗಳಲ್ಲಿ ಮನೆಗೊಬ್ಬರಿಗೆ ಅದು ಇದೆ" ಎಂದರು. ಅವರ ಮಾತು ಸರಿಯೇ. ಆದರೆ ನಾನು ಅವರಲ್ಲಿ ಬೇರೊಂದು ವಿಷಯಕ್ಕೆ ಅನುಮತಿ ಕೇಳಿಕೊಂಡೆ. ಅದು ರಕ್ತಕ್ಕೆ ಬ್ಯಾಕ್ಟೀರಿಯಾ ಸೇರಿದಾಗ ಆಗುವ ಸೋಂಕಿನ ವಿಷಯ. ಆಗ ದೇಹ ಕೊಡುವ ಸೂಚನೆಗಳನ್ನು ಲ್ಯಾಬೊರೇಟರಿಯಲ್ಲಿ ನಾವು ಹೇಗೆ ಅಳೆಯುತ್ತೇವೆ ಮತ್ತು ಆ ಅಳತೆಯಿಂದ ರೋಗಿಯ ಗತಿ ಎಷ್ಟರಮಟ್ಟಿಗೆ ತಿಳಿಯುತ್ತದೆ ಎಂಬ ವಿಷಯ. ಈ ವಿಷಯವನ್ನೇ ಆರಿಸಿಕೊಂಡದ್ದಕ್ಕೆ ಒಂದು ಸ್ವಂತ ಕಾರಣವಿದೆ. ಅದನ್ನು ಮೊದಲು ಹೇಳಿಬಿಡುತ್ತೇನೆ.

ನನ್ನ ತಾಯಿಯ ತಂಗಿ, ನನ್ನ ಖಾಲಾ, ಮಂಡಿ ಮೊಹಲ್ಲಾದಲ್ಲಿ ಇದ್ದರು. ವಯಸ್ಸು 62. ಹದಿನೈದು ವರ್ಷದಿಂದ ಸಕ್ಕರೆ ಕಾಯಿಲೆ. ಒಂದು ಗುರುವಾರ ಮೂತ್ರ ಮಾಡುವಾಗ ಉರಿ ಶುರುವಾಯಿತು. ಯಾರಿಗೂ ಹೇಳಲಿಲ್ಲ. ಶುಕ್ರವಾರ ರಾತ್ರಿ ಎರಡು ಕಂಬಳಿ ಹೊದಿಸಿದರೂ ನಿಲ್ಲದಂಥ ಚಳಿನಡುಕ ಬಂತು. ಮನೆಯವರು ಜ್ವರದ ಮಾತ್ರೆ ಕೊಟ್ಟರು. ಜೊತೆಗೆ ಹಿಂದೆ ಯಾರಿಗೋ ಬರೆದುಕೊಟ್ಟು ಡಬ್ಬಿಯಲ್ಲಿ ಉಳಿದಿದ್ದ ಆ್ಯಂಟಿಬಯೋಟಿಕ್ ಮಾತ್ರೆಗಳನ್ನೂ ಕೊಟ್ಟರು. ಶನಿವಾರ ಸಂಜೆ ನಾನು ಬೇರೆ ಊರಿನಿಂದ ಫೋನ್ ಮಾಡಿದೆ. "ಜ್ವರ ಎಷ್ಟಿದೆ ಖಾಲಾ?" ಎಂದು ಕೇಳಿದೆ. "ಜ್ವರ ಪೂರಾ ಇಳಿದಿದೆ ಬೇಟಾ, ಸುಸ್ತು ಅಷ್ಟೇ" ಎಂದರು. ಮಾತು ಅರ್ಧರ್ಧಕ್ಕೆ ನಿಲ್ಲುತ್ತಿತ್ತು, ಏದುಸಿರು ಫೋನಿನಲ್ಲೇ ಕೇಳಿಸುತ್ತಿತ್ತು. ಆದರೂ ನಾನು ಬೇರೇನೂ ಕೇಳಲಿಲ್ಲ. ಜ್ವರ ಇಳಿದಿದೆಯಲ್ಲ ಎಂದು ನೆಮ್ಮದಿಯಾಗಿ ಮಲಗಿದೆ.

ಭಾನುವಾರ ಬೆಳಿಗ್ಗೆ ಅವರು ಎದುರಿಗಿದ್ದ ಮಗಳನ್ನು ಗುರುತಿಸಲಿಲ್ಲ. ಆಸ್ಪತ್ರೆಗೆ ಸೇರಿಸಿದಾಗ ಮೈ ತಣ್ಣಗಿತ್ತು, ರಕ್ತದೊತ್ತಡದ ಮೇಲಿನ ಅಂಕಿ 80ಕ್ಕೆ ಇಳಿದಿತ್ತು, ಮೂತ್ರ ನಿಂತುಹೋಗಿತ್ತು. ಬ್ಲಡ್ ಕಲ್ಚರ್‌ಗೆ ಕೊಟ್ಟ ರಕ್ತದಲ್ಲಿ ಏನೂ ಬೆಳೆಯಲಿಲ್ಲ. ನುಂಗಿದ್ದ ಅರೆಬರೆ ಮಾತ್ರೆಗಳು ಕಾಯಿಲೆಯನ್ನು ತಡೆಯಲಿಲ್ಲ, ಆದರೆ ಬಾಟಲಿಯಲ್ಲಿ ಬ್ಯಾಕ್ಟೀರಿಯಾ ಬೆಳೆಯದಂತೆ ತಡೆದಿರಬೇಕು. ವೈದ್ಯರು ಊಹೆಯ ಮೇಲೆ ಔಷಧಿ ಕೊಡಬೇಕಾಯಿತು. ನಾಲ್ಕನೆಯ ದಿನ ಖಾಲಾ ತೀರಿಕೊಂಡರು.

ದಿನವಿಡೀ ರಕ್ತ ಪರೀಕ್ಷೆಯ ವರದಿಗಳಿಗೆ ಸಹಿ ಹಾಕುವ ನಾನು, ನನ್ನ ಸ್ವಂತ ಖಾಲಾನ ವಿಷಯದಲ್ಲಿ ಥರ್ಮಾಮೀಟರಿನ ಒಂದೇ ಒಂದು ಅಂಕಿಯನ್ನು ಕೇಳಿ ಸುಮ್ಮನಾದೆ. ಅವರು ಬದುಕುತ್ತಿದ್ದರೇ ಎಂದು ಖಚಿತವಾಗಿ ಹೇಳಲಾರೆ. ಒಂದು ರಾತ್ರಿ ಮೊದಲೇ ಆಸ್ಪತ್ರೆ ಸೇರುತ್ತಿದ್ದರು ಎಂದು ಮಾತ್ರ ಹೇಳಬಲ್ಲೆ.

ಕೊಲ್ಲುವುದು ಯಾವುದು?

ರಕ್ತದ ಸೋಂಕು ನಮ್ಮ ಊರಿಗೆ ಹೊಸದಲ್ಲ. 1898ರಲ್ಲಿ ಮೈಸೂರಿಗೆ ಪ್ಲೇಗ್ ಬಂದಾಗ ನಮ್ಮ ಹಿರಿಯರು ಮನೆಗಳಿಗೆ ಬೀಗ ಹಾಕಿ ಊರ ಹೊರಗಿನ ಶೆಡ್ಡುಗಳಲ್ಲಿ ಬದುಕಿದರು. ಇಕ್ಕಟ್ಟಾದ ಕೇರಿಗಳನ್ನು ಒಡೆದು ಊರನ್ನು ಅಗಲ ಮಾಡಲು 1903ರಲ್ಲಿ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡ್ ಸ್ಥಾಪನೆಯಾಯಿತು. ಪ್ಲೇಗಿನ ಬ್ಯಾಕ್ಟೀರಿಯಾ ಗಡ್ಡೆಯಿಂದ ರಕ್ತಕ್ಕೆ ಇಳಿದರೆ ರೋಗಿ ಉಳಿಯುವುದು ಅಪರೂಪವಾಗಿತ್ತು. ಆಗ ವೈದ್ಯರ ಬಳಿ ಇದ್ದ ಅಳತೆಗಳೆಂದರೆ ನಾಡಿ ಮತ್ತು ಥರ್ಮಾಮೀಟರ್, ಅಷ್ಟೇ.

ಆ ಕಾಲದಲ್ಲಿ ಎಲ್ಲರೂ ತಿಳಿದಿದ್ದುದು ಕೊಲ್ಲುವುದು ಕ್ರಿಮಿ ಎಂದು. ಅದು ಅರ್ಧ ಸತ್ಯ. ನಮ್ಮ ದೇಹದಲ್ಲಿ ಕ್ರಿಮಿಗಳ ವಿರುದ್ಧ ಹೋರಾಡುವ ಬಿಳಿ ರಕ್ತಕಣಗಳಿವೆ. ಅವು ಬ್ಯಾಕ್ಟೀರಿಯಾವನ್ನು ಕಂಡೊಡನೆ ಸೈಟೋಕೈನ್ ಎಂಬ ರಾಸಾಯನಿಕ ಸಂದೇಶಗಳನ್ನು ಕಳಿಸುತ್ತವೆ. ಅವುಗಳಲ್ಲಿ ಇಂಟರ್‌ಲ್ಯೂಕಿನ್-6 ಎಂಬುದು ಮುಖ್ಯವಾದದ್ದು. ಈ ಸಂದೇಶ ತಲುಪಿದಾಗ ಜ್ವರ ಬರುತ್ತದೆ, ರಕ್ತನಾಳಗಳು ಹಿಗ್ಗುತ್ತವೆ, ಇನ್ನಷ್ಟು ಕಣಗಳು ಧಾವಿಸಿ ಬರುತ್ತವೆ. ಕಾಲಿನ ಒಂದು ಕುರುವಿನಲ್ಲಿ ಇದೆಲ್ಲ ನಡೆದರೆ ಒಳ್ಳೆಯದೇ. ಕುರು ಒಡೆದು ಗುಣವಾಗುತ್ತದೆ. ಆದರೆ ಇದೇ ಕ್ರಿಯೆ ಇಡೀ ದೇಹದ ರಕ್ತದಲ್ಲಿ ಹತೋಟಿ ತಪ್ಪಿ ನಡೆದರೆ ರಕ್ತನಾಳಗಳು ಸೋರತೊಡಗುತ್ತವೆ, ರಕ್ತದೊತ್ತಡ ಕುಸಿಯುತ್ತದೆ, ಸಣ್ಣ ನಾಳಗಳಲ್ಲಿ ರಕ್ತ ಹೆಪ್ಪುಗಟ್ಟುತ್ತದೆ. ಮೂತ್ರಪಿಂಡ, ಶ್ವಾಸಕೋಶ, ಮಿದುಳು ಒಂದೊಂದಾಗಿ ಸೋಲುತ್ತವೆ. ಇದಕ್ಕೆ ಸೆಪ್ಸಿಸ್ ಎಂದು ಹೆಸರು. ಸೋಂಕಿಗೆ ದೇಹ ತೋರುವ ಪ್ರತಿಕ್ರಿಯೆಯೇ ಹದ ತಪ್ಪಿ, ಅಂಗಾಂಗಗಳು ಪ್ರಾಣಾಪಾಯದ ಮಟ್ಟಕ್ಕೆ ಕೆಡುವುದೇ ಸೆಪ್ಸಿಸ್ ಎಂದು 2016ರಲ್ಲಿ ಅಂತಾರಾಷ್ಟ್ರೀಯ ತಜ್ಞರು ಅದರ ವ್ಯಾಖ್ಯೆಯನ್ನು ತಿದ್ದಿದರು.

2017ರ ಒಂದೇ ವರ್ಷದಲ್ಲಿ ಜಗತ್ತಿನಲ್ಲಿ ಸುಮಾರು 4.89 ಕೋಟಿ ಜನರಿಗೆ ಸೆಪ್ಸಿಸ್ ಆಯಿತೆಂದೂ, 1.1 ಕೋಟಿ ಜನ ಸತ್ತರೆಂದೂ 2020ರಲ್ಲಿ ಪ್ರಕಟವಾದ ಅಂದಾಜು ಹೇಳುತ್ತದೆ. ಅಂದರೆ ಜಗತ್ತಿನ ಐದು ಸಾವುಗಳಲ್ಲಿ ಒಂದು. ಇಷ್ಟಾದರೂ ನಮ್ಮಲ್ಲಿ ಎಷ್ಟು ಜನ ಆ ಹೆಸರು ಕೇಳಿದ್ದೀರಿ? ಮನೆಗಳಲ್ಲಿ ನಾವು ಹೇಳುವುದು "ಜ್ವರ ಬಂತು, ಕಿಡ್ನಿ ಹೋಯಿತು, ತೀರಿಕೊಂಡರು" ಎಂದು.

ನಮಗೆ ಗೊತ್ತಿರುವ ಒಂದು ಪರೀಕ್ಷೆ

ದೇಹದ ಪ್ರತಿಕ್ರಿಯೆಯನ್ನು ಅಳೆಯುವ ಪರೀಕ್ಷೆ ಎಂದರೆ ಏನೋ ದೊಡ್ಡ ವಿಷಯ ಎಂದುಕೊಳ್ಳಬೇಡಿ. ನಿಮಗೆಲ್ಲ ಅಂಥದೊಂದು ಗೊತ್ತಿದೆ. ಅದೇ ವಿಡಾಲ್ ಟೆಸ್ಟ್. ಜ್ವರ ಬಂದ ಮಾರನೆಯ ದಿನವೇ ನಮ್ಮ ಜನ ಟೈಫಾಯಿಡ್ ಇದೆಯೋ ಎಂದು ಲ್ಯಾಬಿಗೆ ಹೋಗಿ ವಿಡಾಲ್ ಮಾಡಿಸುತ್ತಾರೆ. 1896ರಲ್ಲಿ ಫ್ರಾನ್ಸಿನ ಫರ್ನಾಂಡ್ ವಿಡಾಲ್ ಇದನ್ನು ಬಳಕೆಗೆ ತಂದರು. ಇದು ಟೈಫಾಯಿಡ್ ಕ್ರಿಮಿಯನ್ನು ಹುಡುಕುವುದಿಲ್ಲ. ಅದರ ವಿರುದ್ಧ ದೇಹ ತಯಾರಿಸಿದ ಪ್ರತಿಕಾಯಗಳನ್ನು ಹುಡುಕುತ್ತದೆ. ಆ ಪ್ರತಿಕಾಯಗಳು ತಯಾರಾಗಲು ಒಂದು ವಾರವಾದರೂ ಬೇಕು. ಹಾಗಾಗಿ ಮೊದಲ ದಿನಗಳಲ್ಲಿ ಟೈಫಾಯಿಡ್ ಇದ್ದರೂ ವಿಡಾಲ್ ನೆಗೆಟಿವ್ ಬರಬಹುದು. ಹಿಂದೆಂದೋ ಟೈಫಾಯಿಡ್ ಬಂದಿದ್ದವರಲ್ಲಿ ಈಗಿನ ಜ್ವರ ಬೇರೆಯದಾದರೂ ಪಾಸಿಟಿವ್ ಬರಬಹುದು. ಆ ಮೊದಲ ವಾರದಲ್ಲಿ ನಂಬತಕ್ಕದ್ದು ಬ್ಲಡ್ ಕಲ್ಚರ್.

ಇದರಿಂದ ಎರಡು ಪಾಠ ಕಲಿಯಬೇಕು. ದೇಹದ ಪ್ರತಿಕ್ರಿಯೆಗೆ ಅದರದೇ ಆದ ಗಡಿಯಾರವಿದೆ. ಆ ಗಡಿಯಾರ ತಿಳಿಯದೆ ಅಂಕಿಯನ್ನು ಓದಿದರೆ ಮೋಸಹೋಗುತ್ತೇವೆ. ಈಗ ಹೇಳಲಿರುವ ಮೂರು ಪರೀಕ್ಷೆಗಳಿಗೂ ಇದೇ ಮಾತು ಅನ್ವಯಿಸುತ್ತದೆ.

ಮೂರು ಅಂಕಿಗಳು

ಮೊದಲನೆಯದು ಸಿ.ಆರ್.ಪಿ. ಇದರ ಪೂರ್ಣ ಹೆಸರು ಸಿ-ರಿಯಾಕ್ಟಿವ್ ಪ್ರೋಟೀನ್. ನ್ಯೂಮೋನಿಯಾ ರೋಗಿಗಳ ರಕ್ತದಲ್ಲಿ ಇದನ್ನು ಟಿಲ್ಲೆಟ್ ಮತ್ತು ಫ್ರಾನ್ಸಿಸ್ ಎಂಬ ಅಮೆರಿಕದ ವಿಜ್ಞಾನಿಗಳು ಕಂಡುಹಿಡಿದು ವರದಿ ಮಾಡಿದ್ದು 1930ರಲ್ಲಿ. ಬೆಂಗಳೂರಿನಲ್ಲಿ 1924ರಲ್ಲಿ ಶುರುವಾಗಿದ್ದ ಮೆಡಿಕಲ್ ಕಾಲೇಜು ಮೈಸೂರಿಗೆ ಬಂದದ್ದೂ ಅದೇ ವರ್ಷ. ಇಂಟರ್‌ಲ್ಯೂಕಿನ್-6ರ ಸಂದೇಶ ಯಕೃತ್ತಿಗೆ ತಲುಪಿದಾಗ ಅದು ಸಿ.ಆರ್.ಪಿ.ಯನ್ನು ತಯಾರಿಸುತ್ತದೆ. ಆರೋಗ್ಯವಂತರಲ್ಲಿ ಲೀಟರಿಗೆ ಸಾಮಾನ್ಯವಾಗಿ 5 ಮಿಲಿಗ್ರಾಂಗಿಂತ ಕಡಿಮೆ. ಭಾರಿ ಸೋಂಕಿನಲ್ಲಿ ನೂರು, ಇನ್ನೂರು ದಾಟುತ್ತದೆ. ಆದರೆ ಅದು ಏರಲು ಆರೆಂಟು ಗಂಟೆ ಬೇಕು, ತುದಿ ಮುಟ್ಟಲು ಸುಮಾರು ಎರಡು ದಿನ ಬೇಕು. ಸಂಧಿವಾತದಲ್ಲೂ ಏರುತ್ತದೆ, ಆಪರೇಷನ್ ಆದ ಮೇಲೂ ಏರುತ್ತದೆ. ಯಕೃತ್ತು ತೀರಾ ಕೆಟ್ಟವರಲ್ಲಿ ಸೋಂಕಿದ್ದರೂ ಸಾಕಷ್ಟು ಏರದಿರಬಹುದು.

ಎರಡನೆಯದು ಪ್ರೊಕ್ಯಾಲ್ಸಿಟೋನಿನ್. ಥೈರಾಯಿಡ್ ಗ್ರಂಥಿಯ ಒಂದು ಹಾರ್ಮೋನಿಗೆ ಇದು ಮೂಲವಸ್ತು. ಆರೋಗ್ಯವಂತರ ರಕ್ತದಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ಬ್ಯಾಕ್ಟೀರಿಯಾ ಸೋಂಕು ತೀವ್ರವಾದಾಗ ದೇಹದ ಬೇರೆ ಬೇರೆ ಅಂಗಗಳೂ ಇದನ್ನು ಸುರಿಸತೊಡಗುತ್ತವೆ. 1993ರಲ್ಲಿ ಫ್ರಾನ್ಸಿನ ವೈದ್ಯರು ಇದನ್ನು ತೋರಿಸಿಕೊಟ್ಟರು. ಮೂರು ನಾಲ್ಕು ಗಂಟೆಯಲ್ಲೇ ಏರುತ್ತದೆ, ಒಂದು ದಿನದೊಳಗೆ ತುದಿ ಮುಟ್ಟುತ್ತದೆ, ಸೋಂಕು ಹತೋಟಿಗೆ ಬಂದರೆ ದಿನಕ್ಕೆ ಸುಮಾರು ಅರ್ಧದಷ್ಟು ಇಳಿಯುತ್ತದೆ. ವೈರಸ್ ಜ್ವರಗಳಲ್ಲಿ ಸಾಮಾನ್ಯವಾಗಿ ಅಷ್ಟು ಏರುವುದಿಲ್ಲ. ಆದರೂ ಮಲೇರಿಯಾ, ದೊಡ್ಡ ಅಪಘಾತ, ಸುಟ್ಟ ಗಾಯ, ಮೂತ್ರಪಿಂಡದ ವೈಫಲ್ಯ ಇವುಗಳಲ್ಲಿ ಬ್ಯಾಕ್ಟೀರಿಯಾ ಸೋಂಕಿಲ್ಲದೆಯೂ ಹೆಚ್ಚಿರಬಹುದು. ಆಗತಾನೇ ಹುಟ್ಟಿದ ಶಿಶುಗಳಲ್ಲಿ ಮೊದಲ ಎರಡು ದಿನ ಸಹಜವಾಗಿಯೇ ಹೆಚ್ಚಿರುತ್ತದೆ. ಸಿ.ಆರ್.ಪಿ.ಗಿಂತ ಇದು ದುಬಾರಿ ಪರೀಕ್ಷೆ.

ಮೂರನೆಯದು ಲ್ಯಾಕ್ಟೇಟ್. ಇದು ರೋಗನಿರೋಧಕ ವ್ಯವಸ್ಥೆಯ ಗುರುತಲ್ಲ. ಆ ವ್ಯವಸ್ಥೆ ಹದ ತಪ್ಪಿದಾಗ ಜೀವಕೋಶಗಳು ಪಡುವ ಕಷ್ಟದ ಗುರುತು. 2 ಮಿಲಿಮೋಲ್ ದಾಟಿದರೆ ಎಚ್ಚರ, 4 ದಾಟಿದರೆ ಅಪಾಯ. ಚಿಕಿತ್ಸೆ ಶುರುವಾದ ಮೇಲೆ ಕೆಲವೇ ಗಂಟೆಗಳಲ್ಲಿ ಇಳಿದರೆ ಶುಭಸೂಚನೆ, ಏರುತ್ತಲೇ ಹೋದರೆ ರೋಗಿ ಉಳಿಯುವ ಸಾಧ್ಯತೆ ಕಡಿಮೆಯಾಗುತ್ತದೆ.

ಬಿಳಿ ರಕ್ತಕಣಗಳ ಎಣಿಕೆಯ ಬಗ್ಗೆಯೂ ಒಂದು ಮಾತು. ಕೌಂಟ್ ಹೆಚ್ಚಾದರೆ ಸೋಂಕು ಎಂದು ಎಲ್ಲರಿಗೂ ಗೊತ್ತು. ಭಾರಿ ಸೋಂಕಿನಲ್ಲಿ ಕೌಂಟ್ ತೀರಾ ಕಡಿಮೆಯಾಗುವುದೂ ಉಂಟು, ಮತ್ತು ಅದು ಇನ್ನೂ ಕೆಟ್ಟ ಲಕ್ಷಣ. ಹಾಗೆಯೇ ಜ್ವರ. ವಯಸ್ಸಾದವರಲ್ಲಿ, ಸಕ್ಕರೆ ಕಾಯಿಲೆಯವರಲ್ಲಿ, ಎಳೆ ಶಿಶುಗಳಲ್ಲಿ ಸೋಂಕು ರಕ್ತಕ್ಕೆ ಇಳಿದಾಗ ಮೈ ಬಿಸಿಯಾಗುವ ಬದಲು ತಣ್ಣಗಾಗಬಹುದು. ನನ್ನ ಖಾಲಾಗೆ ಆದದ್ದು ಅದೇ.

ಒಂದು ದಿನದ ಅಂಕಿಯಲ್ಲ, ದಿನದಿನದ ನಡೆ

ಇನ್ನೊಂದು ಉದಾಹರಣೆ ಹೇಳುತ್ತೇನೆ. ಉದಯಗಿರಿ ಕಡೆಯ 34 ವರ್ಷದ ಒಬ್ಬ ತಾಯಿ, ಮನೆಯಲ್ಲೇ ಹೊಲಿಗೆ ಕೆಲಸ ಮಾಡುವವರು. ಮಧ್ಯಾಹ್ನ ಸೊಂಟದ ಬದಿಯಲ್ಲಿ ನೋವು, ಸಂಜೆ ಚಳಿನಡುಕ. ಆಟೋ ಓಡಿಸುವ ಗಂಡ ಮನೆಗೆ ಬಂದವನು, "ಇವಳು ಉಸಿರು ಎಳೆಯುತ್ತಿರುವ ರೀತಿ ಸರಿಯಿಲ್ಲ" ಎಂದು ತನ್ನ ಆಟೋದಲ್ಲೇ ಕೂರಿಸಿಕೊಂಡು ಬಂದ. ನಡುಕ ಶುರುವಾಗಿ ನಾಲ್ಕು ಗಂಟೆಯೂ ಆಗಿರಲಿಲ್ಲ. ಮೊದಲು ಎರಡು ಕಡೆಯಿಂದ ಕಲ್ಚರ್‌ಗೆ ರಕ್ತ ತೆಗೆದು, ಕೂಡಲೇ ಆ್ಯಂಟಿಬಯೋಟಿಕ್ ಕೊಟ್ಟರು.

ಆಕೆಯ ಮೊದಲ ಸಿ.ಆರ್.ಪಿ. ಬರೀ 18. ಅದನ್ನೊಂದನ್ನೇ ನೋಡಿದ್ದರೆ ಸಣ್ಣ ಜ್ವರ ಎಂದು ಮನೆಗೆ ಕಳಿಸಬಹುದಿತ್ತು. ಏರಲು ಅದಕ್ಕೆ ಇನ್ನೂ ಸಮಯ ಸಿಕ್ಕಿರಲಿಲ್ಲ. ಪ್ರೊಕ್ಯಾಲ್ಸಿಟೋನಿನ್ ಮೊದಲ ದಿನ 4, ಎರಡನೆಯ ದಿನ 21. ಆಗ ಮನೆಯವರು ಗಾಬರಿಯಾದರು, "ಔಷಧಿ ಕೊಟ್ಟ ಮೇಲೂ ಏರಿತಲ್ಲ!" ಎಂದರು. ಅದು ಗಡಿಯಾರದ ಪ್ರಕಾರವೇ ಏರಿತ್ತು. ಅಷ್ಟರಲ್ಲಿ ಕಲ್ಚರ್‌ನಲ್ಲಿ ಇ. ಕೋಲಿ ಬೆಳೆಯಿತು, ಯಾವ ಔಷಧಿ ನಾಟುತ್ತದೆ ಎಂಬುದೂ ತಿಳಿಯಿತು. ಮೂರನೆಯ ದಿನ 11, ನಾಲ್ಕನೆಯ ದಿನ 6, ಐದನೆಯ ದಿನ 3. ಏಳನೆಯ ದಿನಕ್ಕೆ ಆ್ಯಂಟಿಬಯೋಟಿಕ್ ನಿಲ್ಲಿಸಿದರು. ಆಕೆ ಮನೆಗೆ ನಡೆದು ಹೋದರು.

ಹೀಗೆ ಬೇಗ ನಿಲ್ಲಿಸುವುದು ಸುರಕ್ಷಿತವೇ? ಇದನ್ನು ಸಾವಿರಾರು ರೋಗಿಗಳಲ್ಲಿ ಪರೀಕ್ಷಿಸಿದ್ದಾರೆ. ಪ್ರೊಕ್ಯಾಲ್ಸಿಟೋನಿನ್ ತುದಿಯಿಂದ ಶೇ. 80ರಷ್ಟು ಇಳಿದಾಗ, ಅಥವಾ 0.5ಕ್ಕೆ ಬಂದಾಗ ಆ್ಯಂಟಿಬಯೋಟಿಕ್ ನಿಲ್ಲಿಸಬಹುದೆಂದು ಐ.ಸಿ.ಯು. ವೈದ್ಯರಿಗೆ ಸಲಹೆ ಕೊಟ್ಟು ನೆದರ್‌ಲೆಂಡ್ಸ್‌ನಲ್ಲಿ ಮಾಡಿದ ಅಧ್ಯಯನ 2016ರಲ್ಲಿ ಪ್ರಕಟವಾಯಿತು. ಸುಮಾರು 1,500 ರೋಗಿಗಳಿದ್ದ ಆ ಅಧ್ಯಯನದಲ್ಲಿ ಔಷಧಿಯ ಅವಧಿ 7 ದಿನದಿಂದ 5 ದಿನಕ್ಕೆ ಇಳಿಯಿತು, 28 ದಿನಗಳೊಳಗಿನ ಸಾವು ಶೇ. 25ರಿಂದ 20ಕ್ಕೆ ಇಳಿಯಿತು. 2024ರ ಕೊನೆಯಲ್ಲಿ ಬ್ರಿಟನ್ನಿನಿಂದ 2,760 ರೋಗಿಗಳ ಇನ್ನೊಂದು ಅಧ್ಯಯನ ಬಂತು. ಅದರಲ್ಲಿ ಪ್ರೊಕ್ಯಾಲ್ಸಿಟೋನಿನ್ ನೋಡಿ ನಿರ್ಧರಿಸಿದವರಲ್ಲಿ ಔಷಧಿಯ ಅವಧಿ ಸುಮಾರು ಒಂದು ದಿನ ಕಡಿಮೆಯಾಯಿತು, ಸಾವು ಹೆಚ್ಚಲಿಲ್ಲ. ಆದರೆ ಸಿ.ಆರ್.ಪಿ. ನೋಡಿ ನಿರ್ಧರಿಸಿದವರಲ್ಲಿ ಅಂಥ ಲಾಭ ಕಾಣಲಿಲ್ಲ. ಅದೇ 2024ರಲ್ಲಿ 3,608 ರೋಗಿಗಳ ಮೇಲೆ ನಡೆದ ಮತ್ತೊಂದು ದೊಡ್ಡ ಅಧ್ಯಯನ, ರಕ್ತದ ಸೋಂಕಿಗೆ 7 ದಿನದ ಔಷಧಿ 14 ದಿನದ್ದಕ್ಕೆ ಕಡಿಮೆಯೇನಲ್ಲ ಎಂದು ತೋರಿಸಿತು. ಸ್ಟೆಫೈಲೋಕಾಕಸ್ ಆರಿಯಸ್ ಸೋಂಕಿನವರನ್ನು ಅದರಲ್ಲಿ ಸೇರಿಸಿರಲಿಲ್ಲ. ಆ ಕ್ರಿಮಿಗೆ ಹೆಚ್ಚು ದಿನವೇ ಬೇಕು. ಹಾಗಾಗಿ ಎಷ್ಟು ದಿನ ಎಂಬ ನಿರ್ಧಾರ ವೈದ್ಯರದು. ವರದಿಯಲ್ಲಿ ಅಂಕಿ ಇಳಿದಿದೆ ಎಂದು ನಾವೇ ಮಾತ್ರೆ ನಿಲ್ಲಿಸುವಂತಿಲ್ಲ.

ಅಂಕಿ ಹೇಳದೆ ಬಿಡುವುದು

ಈ ಅಂಕಿಗಳು ದೇಹ ಎಷ್ಟು ಕೆರಳಿದೆ ಎಂದು ಹೇಳುತ್ತವೆ. ಯಾವ ಕ್ರಿಮಿ ಎಂದು ಹೇಳುವುದಿಲ್ಲ. ಇದಕ್ಕೆ ನಮ್ಮ ಕರ್ನಾಟಕದ ಕರಾವಳಿಯಲ್ಲೇ ದೊಡ್ಡ ಉದಾಹರಣೆಯಿದೆ. ಮೆಲಿಯಾಯ್ಡೋಸಿಸ್ ಎಂಬ ಕಾಯಿಲೆಯ ಕ್ರಿಮಿ ಗದ್ದೆಯ ಮಣ್ಣಿನಲ್ಲಿ, ನೀರಿನಲ್ಲಿ ಇರುತ್ತದೆ. ಮಳೆಗಾಲದಲ್ಲಿ ಕೆಸರಿನಲ್ಲಿ ಕೆಲಸ ಮಾಡುವವರಿಗೆ, ಅದರಲ್ಲೂ ಸಕ್ಕರೆ ಕಾಯಿಲೆ ಇರುವವರಿಗೆ, ಇದು ತಗಲಿ ರಕ್ತಕ್ಕೆ ಇಳಿಯುತ್ತದೆ. ಈ ಕಾಯಿಲೆಯನ್ನು ಮೊದಲು ಗುರುತಿಸಿ 1912ರಲ್ಲಿ ವರದಿ ಮಾಡಿದವರು ರಂಗೂನಿನಲ್ಲಿದ್ದ ವಿಟ್‌ಮೋರ್ ಮತ್ತು ಅವರ ಜೊತೆಗಿದ್ದ ಭಾರತೀಯ ವೈದ್ಯ ಕೃಷ್ಣಸ್ವಾಮಿ. ಮಣಿಪಾಲದ ಕಸ್ತೂರ್‌ಬಾ ಮೆಡಿಕಲ್ ಕಾಲೇಜಿನ ವೈದ್ಯರು ಉಡುಪಿ ಮತ್ತು ಸುತ್ತಲಿನ ಜಿಲ್ಲೆಗಳ ಇಂಥ ಹಲವು ರೋಗಿಗಳನ್ನು ಗುರುತಿಸಿ ಲೋಕಕ್ಕೆ ತಿಳಿಸಿದ್ದಾರೆ. ನೋಡಲು ಕ್ಷಯದಂತೆಯೋ ಸಾಮಾನ್ಯ ನ್ಯೂಮೋನಿಯಾದಂತೆಯೋ ಇರುತ್ತದೆ. ಸಿ.ಆರ್.ಪಿ. ಕೆಲವರಲ್ಲಿ ಸಾಧಾರಣವಾಗಿಯೇ ಇರುತ್ತದೆ. ಇದಕ್ಕೆ ಆಯ್ದ ಕೆಲವೇ ಇಂಜೆಕ್ಷನ್‌ಗಳು ನಾಟುತ್ತವೆ, ಆಮೇಲೆ ಕನಿಷ್ಠ ಮೂರು ತಿಂಗಳು ಮಾತ್ರೆ ಬೇಕು. ಇಲ್ಲಿ ರೋಗಿಯನ್ನು ಉಳಿಸುವುದು ಕಲ್ಚರ್ ಬಾಟಲಿ. ಹಾಗಾಗಿಯೇ ಆ ಬಾಟಲಿಗೆ ರಕ್ತ ಹೋಗುವ ಮೊದಲು ಮನೆಯ ಡಬ್ಬಿಯ ಆ್ಯಂಟಿಬಯೋಟಿಕ್ ನುಂಗಬಾರದು. ಕೆನಡಾ ಮತ್ತು ಅಮೆರಿಕದಲ್ಲಿ ನಡೆದು 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಔಷಧಿಗೆ ಮೊದಲು ತೆಗೆದ ಕಲ್ಚರ್‌ಗಳಲ್ಲಿ ಶೇ. 31ರಷ್ಟು ಪಾಸಿಟಿವ್ ಬಂದರೆ, ಔಷಧಿ ಕೊಟ್ಟು ಎರಡು ಗಂಟೆಯೊಳಗೆ ತೆಗೆದರೂ ಅದು ಶೇ. 19ಕ್ಕೆ ಇಳಿದಿತ್ತು.

ಇನ್ನೊಂದು ವಿಷಯವನ್ನು ವಿಜ್ಞಾನ ಓದುವ ವಿದ್ಯಾರ್ಥಿಗಳಿಗಾಗಿ ಹೇಳುತ್ತೇನೆ. ದೇಹದ ಪ್ರತಿಕ್ರಿಯೆಯೇ ಅಪಾಯವಾದರೆ ಅದನ್ನು ಅಡಗಿಸಿಬಿಡಬಾರದೇಕೆ? ವಿಜ್ಞಾನಿಗಳು ದಶಕಗಳಿಂದ ಪ್ರಯತ್ನಿಸಿದ್ದಾರೆ. ಅಂಥ ಒಂದು ಔಷಧಿಗೆ ಅಮೆರಿಕದಲ್ಲಿ 2001ರಲ್ಲಿ ಒಪ್ಪಿಗೆ ಸಿಕ್ಕಿತು. ಮರುಪರೀಕ್ಷೆಯಲ್ಲಿ ಪ್ರಯೋಜನ ಕಾಣದೆ 2011ರಲ್ಲಿ ಅದನ್ನು ಮಾರುಕಟ್ಟೆಯಿಂದ ಹಿಂತೆಗೆದುಕೊಂಡರು. ಒಂದು ಕಾರಣವೇನೆಂದರೆ ಎಲ್ಲ ರೋಗಿಗಳೂ ಒಂದೇ ಸ್ಥಿತಿಯಲ್ಲಿ ಇರುವುದಿಲ್ಲ. ಒಬ್ಬರಲ್ಲಿ ಪ್ರತಿಕ್ರಿಯೆ ಅತಿಯಾಗಿರುತ್ತದೆ, ಮತ್ತೊಬ್ಬರಲ್ಲಿ ಕಣಗಳು ದಣಿದು ಸುಮ್ಮನಾಗಿರುತ್ತವೆ. ಬಿಳಿ ರಕ್ತಕಣಗಳ ಮೇಲಿನ ಎಚ್.ಎಲ್.ಎ.-ಡಿ.ಆರ್. ಎಂಬ ಗುರುತು ಕಡಿಮೆಯಾಗಿಯೇ ಉಳಿದವರಲ್ಲಿ ಎರಡನೆಯ ಸೋಂಕು, ಸಾವು ಹೆಚ್ಚು. ಯಾರಿಗೆ ಅಡಗಿಸುವ ಔಷಧಿ, ಯಾರಿಗೆ ಎಬ್ಬಿಸುವ ಔಷಧಿ ಎಂದು ರಕ್ತದ ಗುರುತು ನೋಡಿ ಆರಿಸುವ ಕೆಲಸ ಇನ್ನೂ ಬಾಕಿ ಇದೆ. ನಿಮ್ಮಲ್ಲಿ ಯಾರಾದರೂ ಅದನ್ನು ಕೈಗೆತ್ತಿಕೊಳ್ಳಬೇಕು.

ನಾವು ಮಾಡಬೇಕಾದದ್ದು

ಸೆಪ್ಸಿಸ್‌ನಿಂದ ರಕ್ತದೊತ್ತಡ ಕುಸಿದ ರೋಗಿಗಳನ್ನು ಕುರಿತು 2006ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಸರಿಯಾದ ಔಷಧಿ ಒಂದು ಗಂಟೆ ತಡವಾದಂತೆಲ್ಲ ಬದುಕುವ ಪ್ರಮಾಣ ಸರಾಸರಿ ಶೇ. 7.6ರಷ್ಟು ಕಡಿಮೆಯಾಗಿತ್ತು. ಆದ್ದರಿಂದ ಲ್ಯಾಬ್ ವರದಿಗಿಂತ ಮೊದಲು ಮನೆಯಲ್ಲಿ ಓದಬೇಕಾದ ಗುರುತುಗಳನ್ನು ನೆನಪಿಡಿ. ಉಸಿರು ನಿಮಿಷಕ್ಕೆ 22 ಅಥವಾ ಹೆಚ್ಚು. ಮಾತು ತೊದಲುವುದು, ಗೊಂದಲ, ಅತಿಯಾದ ಮಂಪರು. ತಡೆಯಲಾರದ ಚಳಿನಡುಕ. ಕೈಕಾಲು ತಣ್ಣಗಾಗುವುದು. ಅರ್ಧ ದಿನವಾದರೂ ಮೂತ್ರ ಬಾರದಿರುವುದು. ಇವುಗಳಲ್ಲಿ ಒಂದಿದ್ದರೂ, ಜ್ವರ ಇರಲಿ ಇಲ್ಲದಿರಲಿ, ಬೆಳಗಾಗಲಿ ಎಂದು ಕಾಯಬೇಡಿ. ಸಕ್ಕರೆ ಕಾಯಿಲೆಯವರು, ಬಾಣಂತಿಯರು, ಶಿಶುಗಳು, ವೃದ್ಧರು ಇರುವ ಮನೆಯವರು ಇನ್ನೂ ಎಚ್ಚರವಾಗಿರಿ.

ಉಳಿದ ಆ್ಯಂಟಿಬಯೋಟಿಕ್‌ಗಳನ್ನು ಮನೆಯಲ್ಲಿ ಇಟ್ಟುಕೊಳ್ಳಬೇಡಿ. ಪಟ್ಟಿಯ ಮೇಲಿನ ಕೆಂಪು ಗೆರೆ ವೈದ್ಯರ ಚೀಟಿಯಿಲ್ಲದೆ ನುಂಗಬಾರದು ಎಂಬುದರ ಗುರುತು. ಏನಾದರೂ ನುಂಗಿದ್ದರೆ ಆಸ್ಪತ್ರೆಯಲ್ಲಿ ಮುಚ್ಚಿಡದೆ ಹೇಳಿ. ಕಲ್ಚರ್‌ಗೆ ಎರಡು ಸಲ ರಕ್ತ ತೆಗೆದರೆ "ಇಷ್ಟೊಂದು ರಕ್ತ ಏಕೆ?" ಎಂದು ಜಗಳವಾಡಬೇಡಿ. ಗುಣವಾಗಿ ಮನೆಗೆ ಬಂದ ಮೇಲೂ ತಿಂಗಳುಗಟ್ಟಲೆ ನಿಶ್ಶಕ್ತಿ, ಮರೆವು, ಮತ್ತೆ ಸೋಂಕು ಬರಬಹುದು. ವೈದ್ಯರು ಹೇಳಿದ ದಿನ ತಪ್ಪದೆ ತೋರಿಸಿ.

ಊರಿನಿಂದ ದೂರ ಇರುವ ಮಕ್ಕಳಿಗೆ ಕೊನೆಯದಾಗಿ ಒಂದು ಮಾತು. ಮನೆಯಲ್ಲಿ ಹಿರಿಯರಿಗೆ ಹುಷಾರಿಲ್ಲವೆಂದು ತಿಳಿದಾಗ ಫೋನಿನಲ್ಲಿ ಜ್ವರ ಎಷ್ಟಿದೆ ಎಂದಷ್ಟೇ ಕೇಳಿ ಇಟ್ಟುಬಿಡಬೇಡಿ. ಉಸಿರು ಹೇಗಿದೆ, ಮಾತು ನೆಟ್ಟಗಿದೆಯೇ, ಮೂತ್ರ ಹೋಯಿತೇ, ಯಾವ ಮಾತ್ರೆ ಕೊಟ್ಟಿರಿ ಎಂದು ಕೇಳಿ. ಈ ನಾಲ್ಕು ಪ್ರಶ್ನೆಗಳನ್ನು ನಾನು ಆ ಶನಿವಾರ ಸಂಜೆ ಕೇಳಲಿಲ್ಲ. ನೀವು ಕೇಳಿ.